ಶಾಲೆ ನೋಡಲು ಬಂದು ಕಲ್ಲು ಓದಿದವರು: ಬಿ. ಎಲ್. ರೈಸ್

ಈ ಸಾಲಿನ ಬೋಧನಾಭ್ಯಾಸಕ್ಕೆ ನನಗೆ ಎರಡು ಶಾಲೆಗಳು ಸಿಕ್ಕಿದ್ದವು. ಮೊದಲ ನಾಲ್ಕು ವಾರ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆಮೇಲಿನ ನಾಲ್ಕು ವಾರ ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯ ಕಡೆಯ ಇನ್ನೊಂದು. ಎರಡೂ ಕಡೆ 7ನೇ ತರಗತಿಯ ಸಮಾಜ ವಿಜ್ಞಾನ. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಒಂದು ಜೀವನಚರಿತ್ರೆಯ ಪಾಠ ಮಾಡಬೇಕು, ಅದಕ್ಕೆ ಹೊಂದುವ ಚಟುವಟಿಕೆ ಮತ್ತು ಗೃಹಪಾಠವನ್ನು ತಾನೇ ಯೋಜಿಸಬೇಕು ಎಂಬುದು ನಮ್ಮ ನಿಯಮ. ಈ ಕಡೆಗೆ ಬಂದವರು ಸಾಮಾನ್ಯವಾಗಿ ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮಪ್ರಭು, ತಾಳಗುಂದದ ಮಯೂರಶರ್ಮ ಇವರಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತಾರೆ. ಮಕ್ಕಳಿಗೆ ಹೆಸರು ಮೊದಲೇ ಗೊತ್ತಿರುತ್ತದೆ, ಅಂಗಡಿಯಲ್ಲಿ ಚಾರ್ಟೂ ಸಿಗುತ್ತದೆ. ನಾನು ಆರಿಸಿಕೊಂಡದ್ದು ಬೆಂಜಮಿನ್ ಲೂಯಿಸ್ ರೈಸ್ ಅವರನ್ನು. ಶಿಕಾರಿಪುರ, ಸೊರಬಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಬದುಕಿದವರ ಹೆಸರುಗಳು ನಮ್ಮ ಪುಸ್ತಕಕ್ಕೆ ಬಂದದ್ದು ಬಹುಮಟ್ಟಿಗೆ ಅವರ ಕೈಯಿಂದ. ಇನ್ನೊಂದು ಕಾರಣವೂ ಇತ್ತು. ಅವರು ನಮ್ಮ ವೃತ್ತಿಯವರು. ಮೇಷ್ಟರಾಗಿ ಕೆಲಸಕ್ಕೆ ಸೇರಿ, ಶಾಲೆಗಳ ತಪಾಸಣೆಗೆಂದು ಹಳ್ಳಿ ಹಳ್ಳಿ ತಿರುಗುತ್ತ ಶಾಸನದ ಕಲ್ಲುಗಳ ಮುಂದೆ ನಿಂತವರು.

ರೈಸ್ ಎಂಬ ಹೆಸರು ಕೇಳಿ ತರಗತಿ ನಕ್ಕಿತು. ಅನ್ನಕ್ಕೂ ಅವರಿಗೂ ಸಂಬಂಧವಿಲ್ಲ ಎಂದು ಹೇಳಿ, ಅವರು ಹುಟ್ಟಿದ್ದು ಯಾವ ದೇಶದಲ್ಲಿ ಎಂದು ಕೇಳಿದೆ. ಎಲ್ಲರೂ ಇಂಗ್ಲೆಂಡ್ ಎಂದರು. ಬೆಂಗಳೂರು ಎಂದಾಗ ನಗು ನಿಂತು ಕಿವಿಗಳು ನೆಟ್ಟಗಾದವು.

1837ರ ಜುಲೈ 17ರಂದು ಅವರು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲವರು, ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ದುಡಿದವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು. ಮಗನದೆಂದು ತಿಳಿಯುವವರೂ ಇದ್ದಾರೆ. ತಮ್ಮ ಎಡ್ವರ್ಡ್ ಪೀಟರ್ ರೈಸ್ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಹೀಗೆ ಮನೆಯಲ್ಲೇ ಕನ್ನಡ ಓಡಾಡುತ್ತಿತ್ತು. ಲೂಯಿಸ್ ರೈಸ್ ಓದಿಗೆ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಹುಟ್ಟಿದೂರಿಗೆ ಮರಳಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆ ಶಾಲೆಯೇ ಬೆಳೆದು ಸೆಂಟ್ರಲ್ ಕಾಲೇಜಾಯಿತು. ಆಗ ಅವರ ವಯಸ್ಸು ಎಷ್ಟು ಎಂದು ಲೆಕ್ಕ ಹಾಕಲು ಹೇಳಿದೆ. ಇಪ್ಪತ್ತಮೂರು ಎಂದು ಉತ್ತರ ಬಂದ ಮೇಲೆ, ಹಿಂದಿನ ಬೆಂಚಿನ ಒಬ್ಬ ಹುಡುಗ ನನ್ನ ವಯಸ್ಸು ಎಷ್ಟೆಂದು ಕೇಳಿದ. ಹೇಳಿದೆ. ಅದೂ ಇಪ್ಪತ್ತಮೂರೇ ಆದ್ದರಿಂದ ಉಳಿದ ಅವಧಿಯೆಲ್ಲ ರೈಸ್ ಅವರನ್ನು ನನಗೆ ಹೋಲಿಸಿಯೇ ಕೇಳಿದರು. ಇದು ನಾನು ಪಾಠಯೋಜನೆಯಲ್ಲಿ ಬರೆದುಕೊಂಡ ಪ್ರೇರಣೆಯಲ್ಲ, ಆದರೆ ಬರೆದುಕೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

1865ರಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ತಪಾಸಣಾಧಿಕಾರಿಯಾದರು. ಆ ಹೊತ್ತಿಗೆ ಮೈಸೂರಿನ ಆಡಳಿತ ಅರಸರ ಕೈಯಲ್ಲಿರಲಿಲ್ಲ, ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಅರಸರಿಗೆ ಮರಳಿದ್ದು 1881ರಲ್ಲಿ. ಶಿಕಾರಿಪುರ, ಸೊರಬಗಳು ನಗರ ವಿಭಾಗಕ್ಕೆ ಸೇರಿದ್ದವು. ರೈಲು ಇಲ್ಲ, ಮಳೆಗಾಲದಲ್ಲಿ ದಾರಿಯೂ ಇಲ್ಲ. ಸವಾರಿ ಕುದುರೆಯ ಮೇಲೆ. ಹಳ್ಳಿಗಳಲ್ಲಿ ಇದ್ದದ್ದು ಹೆಚ್ಚಾಗಿ ಕೂಲಿಮಠಗಳು: ದೇವಸ್ಥಾನದ ಪೌಳಿಯಲ್ಲೋ ಯಾರದೋ ಜಗಲಿಯಲ್ಲೋ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಕಾಳೋ ಕಾಸೋ ಕೊಟ್ಟು ಅಯ್ಯನವರನ್ನು ಸಾಕುವುದು. 1868ರಲ್ಲಿ ರೈಸ್ ಅವರ ಮುತುವರ್ಜಿಯಿಂದ ಹೋಬಳಿ ಶಾಲೆಗಳ ಯೋಜನೆ ಬಂತು. ರೈತರ ಮಕ್ಕಳಿಗೆ ಎಟುಕುವಂತೆ ಹೋಬಳಿಗೊಂದು ಸರ್ಕಾರಿ ಕನ್ನಡ ಶಾಲೆ ಇರಬೇಕು, ಕಲಿಸುವವರು ನಾರ್ಮಲ್ ಶಾಲೆಯಲ್ಲಿ ತರಬೇತಿ ಪಡೆದಿರಬೇಕು ಎಂಬುದು ಅದರ ತಿರುಳು. ನಮ್ಮ ಕಾಲೇಜಿನಂಥ ಕಾಲೇಜುಗಳ ಬೇರು ಅಂಥ ನಾರ್ಮಲ್ ಶಾಲೆಗಳಲ್ಲಿದೆ. ನಾವು ಪಾಠಯೋಜನೆಯ ದಪ್ಪ ಪುಸ್ತಕ ಹಿಡಿದು ಓಡಾಡುವಾಗ ಗೊಣಗುವುದಿದ್ದರೆ ಸ್ವಲ್ಪ ಇವರ ಕಡೆಗೂ ತಿರುಗಿ ಗೊಣಗಬಹುದು.

ಕಲ್ಲುಗಳು ಅವರ ಬದುಕಿಗೆ ಬಂದದ್ದು ಈ ತಿರುಗಾಟದಲ್ಲಿಯೇ. ಶಾಲೆ ನಡೆಯುತ್ತಿದ್ದದ್ದು ದೇವಸ್ಥಾನದ ಪೌಳಿಯಲ್ಲಿ. ದೇವಸ್ಥಾನದ ಮುಂದೆ ಬರಹದ ಕಲ್ಲು. ಕೆರೆಯ ಏರಿಯ ಮೇಲೆ ಇನ್ನೊಂದು, ಊರಬಾಗಿಲಿನ ಹತ್ತಿರ ಮತ್ತೊಂದು. ಊರವರಿಗೆ ಅದು ಕನ್ನಡವೆಂದೂ ತಿಳಿಯುತ್ತಿರಲಿಲ್ಲ, ಏಕೆಂದರೆ ಹಳೆಯ ಲಿಪಿಯ ಆಕಾರ ಇಂದಿನ ಅಕ್ಷರದಂತಿಲ್ಲ. ಮಗ್ಗಿ ಎಷ್ಟರವರೆಗೆ ಬರುತ್ತದೆಂದು ಕೇಳಿ ಮುಂದಿನ ಊರಿಗೆ ಹೊರಡುವುದು ಆ ಅಧಿಕಾರಿಯ ಕೆಲಸವಾಗಿತ್ತು. ಅವರು ಕಲ್ಲನ್ನೂ ನೋಡಿದರು. ಮೇಜರ್ ಡಿಕ್ಸನ್ ಎಂಬುವರು ಮೈಸೂರು ಸೀಮೆಯ ಶಾಸನಗಳ ಫೋಟೋಗಳನ್ನು ತೆಗೆದಿದ್ದರು. ಬಳ್ಳಿಗಾವಿಯ ಶಾಸನಗಳೂ ಅವುಗಳಲ್ಲಿದ್ದವು. ಅವನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರಿಗೆ ಬಂತು. ಅದು 1879ರಲ್ಲಿ ಮೈಸೂರ್ ಇನ್‌ಸ್ಕ್ರಿಪ್ಷನ್ಸ್ ಎಂಬ ಪುಸ್ತಕವಾಯಿತು. ಈ ನಡುವೆ ಮೈಸೂರು ಗೆಜೆಟಿಯರ್, ಜನಗಣತಿ, ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿತನ ಎಂದು ಹಲವು ಕೆಲಸಗಳಿದ್ದವು. ಮಕ್ಕಳಿಗೆ ಅವುಗಳ ಪಟ್ಟಿ ಬೇಡವೆಂದು ಕಾಲರೇಖೆಯಲ್ಲಿ ಒಂದೇ ಗೆರೆ ಎಳೆದು ಮುಂದೆ ಹೋದೆ.

ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಮಾಲೆಯ ಮೊದಲ ಸಂಪುಟ, ಕೊಡಗಿನ ಶಾಸನಗಳು, 1886ರಲ್ಲಿ ಬಂತು. 1890ರಿಂದ ಅವರು ಪೂರ್ತಿಯಾಗಿ ಪುರಾತತ್ವ ಇಲಾಖೆಯವರಾದರು. ಹನ್ನೆರಡು ಸಂಪುಟಗಳು, ಸುಮಾರು 9000 ಶಾಸನಗಳು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಅವರು ಕಂಡದ್ದು ಪಠ್ಯಪುಸ್ತಕಗಳ ದಿಕ್ಕನ್ನೇ ಬದಲಿಸಿತು. ಅಶೋಕನ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತು ಎಂದು ನಾವು ನಕಾಶೆಯಲ್ಲಿ ಬಣ್ಣ ತುಂಬಿಸುವುದು ಅದರ ಮೇಲೆ ನಿಂತಿದೆ. ನಮ್ಮ ಜಿಲ್ಲೆಗೆ ಎರಡು ಸಂಪುಟಗಳು ಬೇಕಾದವು. 1902ರಲ್ಲಿ ಬಂದ ಏಳನೆಯದರಲ್ಲಿ ಶಿಕಾರಿಪುರ ತಾಲ್ಲೂಕು ಇದೆ, 1904ರಲ್ಲಿ ಬಂದ ಎಂಟನೆಯದರಲ್ಲಿ ಸೊರಬ. ಒಂದು ಜಿಲ್ಲೆ ಎರಡು ಸಂಪುಟ ತುಂಬುವಷ್ಟು ಕಲ್ಲುಗಳು ಇಲ್ಲಿವೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಪುಸ್ತಕದ ಜೋಡಣೆಯೇ ನನ್ನ ಪಾಠದ ಜೀವವಾಯಿತು. ರೈಸ್ ಶಾಸನಗಳನ್ನು ರಾಜವಂಶದ ಪ್ರಕಾರ ಜೋಡಿಸಲಿಲ್ಲ. ತಾಲ್ಲೂಕು, ತಾಲ್ಲೂಕಿನೊಳಗೆ ಊರು, ಕಲ್ಲು ಎಲ್ಲಿ ನಿಂತಿದೆ ಎಂಬ ಗುರುತು, ಒಂದು ಸಂಖ್ಯೆ. ಯಾವ ದೇವಸ್ಥಾನದ ಯಾವ ದಿಕ್ಕಿಗೆ, ಯಾವ ಕೆರೆಯ ತೂಬಿನ ಬಳಿ, ಯಾರ ಹೊಲದಲ್ಲಿ ಎಂಬಷ್ಟು ಸಣ್ಣ ವಿವರ. ಹಾಗಾಗಿ ಇದು ರಾಜರ ಪುಸ್ತಕವಾಗಿರುವಷ್ಟೇ ಊರುಗಳ ಪುಸ್ತಕ. ಏಳನೇ ತರಗತಿಯ ಮಗುವಿಗೆ ಚಾಲುಕ್ಯರು ದೂರ, ತನ್ನ ಊರಿನ ಹೆಸರು ಹತ್ತಿರ. ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು, ಶಾಲೆಗೆ ಮಕ್ಕಳು ಬರುವ ಊರುಗಳ ಪಟ್ಟಿ ಹಿಡಿದು, ಆ ಊರುಗಳ ಶಾಸನ ಸಂಖ್ಯೆ, ಜಾಗ, ಸಾರ ಇಷ್ಟನ್ನು ಕನ್ನಡದಲ್ಲಿ ಚೀಟಿಗಳಿಗೆ ಇಳಿಸಿಕೊಂಡೆ. ಅದಕ್ಕೆ ಮೂರು ಸಂಜೆ ಹಿಡಿದವು. ಬೋಧನೋಪಕರಣ ಎಂದು ನಾನು ಒಯ್ದದ್ದು ಆ ಚೀಟಿಗಳ ಡಬ್ಬಿಯೊಂದನ್ನೇ.

ಮೊದಲ ಚಟುವಟಿಕೆ ಹೆಸರು ಹೊಂದಿಸುವುದು. ಒಂದು ಕಡೆ ಶಾಸನದಲ್ಲಿರುವ ಹೆಸರು, ಇನ್ನೊಂದು ಕಡೆ ಇಂದಿನದು. ಸ್ಥಾನಕುಂದೂರು ತಾಳಗುಂದವಾಗಿದೆ, ಬಂದಣಿಕೆ ಬಂದಳಿಕೆಯಾಗಿದೆ, ಕುಪ್ಪಟೂರು ಕುಬಟೂರು, ಉದ್ಧರೆ ಉದ್ರಿ. ಇದನ್ನು ಮಕ್ಕಳು ಒಗಟಿನಂತೆ ಬಿಡಿಸಿದರು. ಎರಡನೆಯದು ನಾಣ್ಯದ ಅಚ್ಚು. ಐದು ರೂಪಾಯಿ ನಾಣ್ಯದ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿದರೆ ಅಕ್ಷರ ಏಳುತ್ತದೆ. ಶಾಸನದ ಪಡಿಯಚ್ಚು ತೆಗೆಯುವವರ ಕೆಲಸವೂ ಇದೇ ಜಾತಿಯದು: ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದಕ್ಕೆ ಅಂಟಿಸಿ, ಕುಂಚದಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗಳೊಳಗೆ ಇಳಿಸಿ, ಮೇಲೆ ಮಸಿ ಒತ್ತುವುದು. ಗುಳಿಯೊಳಗೆ ಮಸಿ ಹೋಗುವುದಿಲ್ಲವಾದ್ದರಿಂದ ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಸವೆದ ನಾಣ್ಯ ಸಿಕ್ಕವರಿಗೆ ಅರ್ಧ ಅಕ್ಷರ ಕಾಣಲಿಲ್ಲ. ಉಳಿದರ್ಧವನ್ನು ಊಹಿಸಿ ಬರೆಯಿರಿ, ಊಹಿಸಿದ್ದನ್ನು ಕಂಸದಲ್ಲಿ ಇಡಿ ಎಂದೆ. ಕಂಡದ್ದು ಎಷ್ಟು, ಊಹೆ ಎಷ್ಟು ಎಂಬ ಗೆರೆ ಹೀಗೆ ಅವರ ಕೈಯಲ್ಲೇ ಬಿತ್ತು. ಇದಕ್ಕೆ ಖರ್ಚಿಲ್ಲ, ಇಪ್ಪತ್ತು ನಿಮಿಷ ಸಾಕು. ಯಾವ ಶಾಲೆಯಲ್ಲಾದರೂ ಮಾಡಬಹುದು. ಮಕ್ಕಳು ನಿಜವಾದ ಶಾಸನದ ಮೇಲೆ ಇದನ್ನು ಮಾಡಕೂಡದು. ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು, ಅರಿಶಿನ ಬಳಿಯುವುದು ಯಾವುದೂ ಕೂಡದು ಎಂದು ಎರಡು ಸಲ ಹೇಳಿ ಫಲಕದ ಮೇಲೂ ಬರೆದೆ.

ತಾಳಗುಂದದ ಕಂಬಕ್ಕೆ ರೈಸ್ ಕೊಟ್ಟ ಸಂಖ್ಯೆ ಶಿಕಾರಿಪುರ 176. ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತಿರುವ ಈ ಕಂಬವನ್ನು 1890ರ ದಶಕದಲ್ಲಿ ಅವರು ವಿದ್ವತ್ ಲೋಕಕ್ಕೆ ತೋರಿಸಿದರು. ಭಾಷೆ ಸಂಸ್ಕೃತ. ಕದಂಬ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ವಿಷಯವನ್ನು ಹೇಳುತ್ತ, ಆ ವಂಶ ಹೇಗೆ ಶುರುವಾಯಿತೆಂದು ಹಿಂದಕ್ಕೆ ಹೋಗುತ್ತದೆ. ಮಯೂರಶರ್ಮ ವೀರಶರ್ಮನ ಜೊತೆ ಓದಲು ಕಾಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆಯ ಸಂಬಂಧ ಜಗಳವಾದದ್ದು, ದರ್ಭೆ ಹಿಡಿಯುವ ಕೈ ಕತ್ತಿ ಹಿಡಿದದ್ದು, ಶ್ರೀಪರ್ವತದ ಕಾಡು ಸೇರಿ ಬಾಣರಿಂದ ಕಪ್ಪ ಪಡೆದದ್ದು, ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಂಡದ್ದು ಎಲ್ಲ ಆ ಕಂಬದಿಂದ ಬಂದ ಕಥೆ. ಮಕ್ಕಳಲ್ಲಿ ಹಲವರು ರಾಜ್‌ಕುಮಾರ್ ಅವರ ಮಯೂರ ಸಿನಿಮಾ ನೋಡಿದ್ದರು. ಸಿನಿಮಾದಲ್ಲಿ ಏನಿದೆ, ಕಂಬದಲ್ಲಿ ಏನಿದೆ ಎಂದು ಎರಡು ಕಾಲಂ ಮಾಡಿಸಿದೆ. ಕಂಬದ ಕಾಲಂ ಚಿಕ್ಕದಾಯಿತು. ಕೆಲವರಿಗೆ ಬೇಸರವಾಯಿತು, ಕುದುರೆಯ ಜಗಳ ನಿಜವಾಗಿ ಏನೆಂದು ವಿದ್ವಾಂಸರಲ್ಲೂ ಒಮ್ಮತವಿಲ್ಲ ಎಂದಾಗ ಇನ್ನೂ ಬೇಸರವಾಯಿತು. ಒಬ್ಬ ಹುಡುಗಿ ಮಾತ್ರ, ಹಾಗಾದರೆ ಈ ಕಂಬ ಇಲ್ಲದಿದ್ದರೆ ಮಯೂರಶರ್ಮ ಓದಲು ಹೋದದ್ದೇ ಯಾರಿಗೂ ಗೊತ್ತಾಗುತ್ತಿರಲಿಲ್ಲವೇ ಎಂದು ಕೇಳಿದಳು. ನನ್ನ ಮೂರು ಸಂಜೆಗಳ ಕೂಲಿ ಅಲ್ಲಿಗೆ ಸಂದಿತು.

ಆ ಪ್ರಶ್ನೆಗೆ ಈ ತಾಲ್ಲೂಕುಗಳಲ್ಲಿ ಬೇರೆಯೇ ಒಂದು ತೂಕವಿದೆ. ಬರಹದ ಕಲ್ಲೆಂದರೆ ನಿಧಿಯ ಗುರುತು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಕಲ್ಲಿನ ಬರಹ ಓದಬಲ್ಲವರಿಗೆ ಕೊಪ್ಪರಿಗೆ ಸಿಗುತ್ತದೆ ಎಂದು ಹೇಳುವ ಹಿರಿಯರು ಇಬ್ಬರು ಮೂವರು ಮಕ್ಕಳ ಮನೆಯಲ್ಲೇ ಇದ್ದರು. ರಾತ್ರಿ ಅಗೆದು, ಕಲ್ಲು ಕೆಡವಿ, ಒಡೆದು ಹೋದ ಕಡೆಗಳನ್ನು ಮಕ್ಕಳೇ ಹೇಳಿದರು. ಇದಕ್ಕೆ ಬುದ್ಧಿವಾದ ಹೇಳುವುದಕ್ಕಿಂತ ರೈಸ್ ಅವರ ಪುಸ್ತಕ ತೆರೆಯುವುದು ಮೇಲು. ಚೀಟಿಗಳನ್ನು ಹಂಚಿ, ನಿಧಿ ಎಲ್ಲಿದೆಯೆಂದು ಹುಡುಕಲು ಹೇಳಿದೆ. ಒಂದೊಂದಾಗಿ ಓದಿದರು. ಕೆರೆಗೆ ಬಿಟ್ಟ ಗದ್ದೆ, ದೇವರ ದೀಪಕ್ಕೆ ಬಿಟ್ಟ ಎಣ್ಣೆ, ದನ ಬಿಡಿಸಲು ಹೋಗಿ ಸತ್ತವನು, ಸನ್ಯಸನ ಮಾಡಿ ಮುಡಿಪಿದವಳು. ಕೊನೆಯಲ್ಲಿ, ಈ ಧರ್ಮವನ್ನು ಅಳಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರುತ್ತದೆಂಬ ಶಾಪ. ಇಡೀ ಡಬ್ಬಿ ಮುಗಿದರೂ ಕೊಪ್ಪರಿಗೆ ಬರಲಿಲ್ಲ. ಮನೆಯಲ್ಲಿ ಹೇಳಿ ಎಂದೆ. ಹೇಳಿದರಂತೆ, ಒಬ್ಬರ ಅಜ್ಜ ಮಾತ್ರ, ಬಿಳಿಯರು ನಿಧಿಯ ಸಾಲನ್ನು ಬೇಕೆಂದೇ ಪುಸ್ತಕದಿಂದ ಬಿಟ್ಟಿರಬೇಕು ಎಂದು ತಮ್ಮ ನಂಬಿಕೆ ಉಳಿಸಿಕೊಂಡರು.

ಗೃಹಪಾಠ ಹೀಗಿತ್ತು. ತನ್ನ ಊರಿನ ಒಂದು ಸಂಖ್ಯೆಯನ್ನು ಹಿಡಿದು, ಮನೆಯ ಹಿರಿಯರೊಬ್ಬರ ಜೊತೆ ಹೋಗಿ, ರೈಸ್ ಹೇಳಿದ ಜಾಗದಲ್ಲಿ ಕಲ್ಲು ಇದೆಯೇ ನೋಡುವುದು. ಇದ್ದರೆ ನಿಂತಿದೆಯೋ ಬಿದ್ದಿದೆಯೋ, ಅರ್ಧ ಹೂತಿದೆಯೋ, ಊರವರು ಅದನ್ನು ಏನೆಂದು ಕರೆಯುತ್ತಾರೆ, ಪೂಜೆ ಇದೆಯೋ ಎಂದು ಬರೆಯುವುದು, ಒಂದು ಚಿತ್ರ ಬಿಡಿಸುವುದು. ಇಲ್ಲದಿದ್ದರೆ ಯಾವಾಗ ಹೋಯಿತೆಂದು ಹಿರಿಯರನ್ನು ಕೇಳುವುದು. ಮೊಬೈಲ್ ಫೋಟೋ ಬೇಡವೆಂದು ಬೇಕೆಂದೇ ಹೇಳಿದ್ದೆ. ಫೋನ್ ಎಲ್ಲ ಮನೆಗಳಲ್ಲೂ ಮಗುವಿನ ಕೈಗೆ ಸಿಗುವುದಿಲ್ಲ. ಮೇಲಾಗಿ ಚಿತ್ರ ಬಿಡಿಸುವ ಮಗು ಕಲ್ಲನ್ನು ಹತ್ತು ನಿಮಿಷ ನೋಡಲೇಬೇಕು. ಒಂಟಿಯಾಗಿ ಯಾರೂ ಹೊಲಕ್ಕೆ ಹೋಗಬಾರದು, ಒಂದು ವಾರದ ಗಡುವು, ಭಾನುವಾರ ಅದರಲ್ಲಿ ಬರಬೇಕು ಎಂಬ ಷರತ್ತುಗಳನ್ನೂ ಹಾಳೆಯ ತಲೆಯಲ್ಲೇ ಬರೆದಿದ್ದೆ.

ಸೊರಬದ ಶಾಲೆಯಲ್ಲಿ ಇದೇ ಗೃಹಪಾಠ ಹೆಚ್ಚು ಹುಲುಸಾಗಿ ಬಂತು. ಆ ತಾಲ್ಲೂಕು ವೀರಗಲ್ಲುಗಳ ತವರು. ಉದ್ರಿಯಲ್ಲಿ ಸಾಲು ಸಾಲಾಗಿವೆ. ಹಿರೇಆವಲಿಯಲ್ಲಿ ಜೈನರ ನಿಷಿಧಿ ಕಲ್ಲುಗಳೇ ಗುಂಪಾಗಿವೆ. ವೀರಗಲ್ಲಿನ ಮೂರು ಅಂತಸ್ತನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ತರಗತಿಯಲ್ಲಿ ಹೇಳಿದ್ದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರ. ತುರುಗೋಳ್ ಎಂದರೆ ದನ ಹಿಡಿದುಕೊಂಡು ಹೋಗುವುದು, ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೊರೆ ಎಂದು ಅರ್ಥ ಹೇಳಿದ್ದೆ. ಬಂದ ಹಾಳೆಗಳಲ್ಲಿ ಒಂದು ವೀರಗಲ್ಲು ದನದ ಕೊಟ್ಟಿಗೆಯ ಮೆಟ್ಟಿಲಾಗಿತ್ತು, ಮುಖ ಕೆಳಗಾಗಿ. ಒಂದು ಶುಂಠಿ ಹೊಲದ ಅಂಚಿನಲ್ಲಿ ಮಾಸ್ತಿಯಮ್ಮನಾಗಿ ಕುಂಕುಮ ಹಚ್ಚಿಸಿಕೊಂಡಿತ್ತು. ಅದರಲ್ಲಿ ಬಳೆ ತೊಟ್ಟ ಕೈ ನಿಜವಾಗಿಯೂ ಇತ್ತು. ಒಂದು ಕಲ್ಲು ರೈಸ್ ಹೇಳಿದ ಜಾಗದಲ್ಲಿ ಇರಲೇ ಇಲ್ಲ. ಜೆಸಿಬಿ ಬಂದ ವರ್ಷ ಹೋಯಿತೆಂದು ಆ ಹುಡುಗನ ಅಜ್ಜಿ ಹೇಳಿದರಂತೆ. ಆ ಕಲ್ಲಿನ ಮೇಲೆ ಏನು ಬರೆದಿತ್ತೆಂಬುದು ಈಗ ಎಂಟನೇ ಸಂಪುಟದಲ್ಲಿ ಮಾತ್ರ ಇದೆ. ಆ ಹುಡುಗ ತನ್ನ ಹಾಳೆಯಲ್ಲಿ ಚಿತ್ರದ ಜಾಗದಲ್ಲಿ ಖಾಲಿ ಚೌಕ ಎಳೆದು, ಕೆಳಗೆ ಸಂಖ್ಯೆ ಬರೆದು ತಂದಿದ್ದ.

ಸಂಖ್ಯೆಯೇ ಇಲ್ಲದ ಊರುಗಳ ಮಕ್ಕಳಿಗೆ ಏನು ಕೊಡುವುದು ಎಂಬುದನ್ನು ಪಾಠಕ್ಕೆ ಮುಂಚೆಯೇ ಯೋಚಿಸಬೇಕಾಗಿತ್ತು. ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳು ಹೆಚ್ಚು. ರೈಸ್ ಅವರ ಕೋಷ್ಟಕದಲ್ಲಿ ತಾಂಡಾದ ಹೆಸರು ಹುಡುಕಿದರೆ ಸಿಗುವುದಿಲ್ಲ. ತಾಮ್ರಪಟ, ಶಿಲಾಶಾಸನ ಬರೆಸಿದವರು ಭೂಮಿ ಇದ್ದವರು, ಅಧಿಕಾರ ಇದ್ದವರು, ಇಲ್ಲವೇ ಅವರಿಗಾಗಿ ಸತ್ತವರು. ಪಕ್ಕದ ಊರಿನ ಕಲ್ಲು ನೋಡಿ ಬನ್ನಿ ಎಂದು ತಾಂಡಾದ ಮಕ್ಕಳನ್ನು ಕಳುಹಿಸುವುದು ಸುಲಭ, ಆದರೆ ಆ ಮಾತಿನಲ್ಲಿ ನಿಮಗೆ ಚರಿತ್ರೆ ಇಲ್ಲ ಎಂಬುದು ಅಡಗಿರುತ್ತದೆ. ಅವರಿಗೆ ಬೇರೆ ಹಾಳೆ ಮಾಡಿದ್ದೆ: ತಾಂಡಾ ಇಲ್ಲಿ ಯಾವಾಗ ನೆಲೆಯಾಯಿತೆಂದು ಹಿರಿಯರು ಹೇಳುತ್ತಾರೆ, ಮೊದಲ ನಾಯಕ ಯಾರು, ಸೇವಾಲಾಲರ ಗುಡಿ ಯಾವಾಗ ಕಟ್ಟಿದ್ದು, ಹಳೆಯ ಹಾಡಿನಲ್ಲಿ ಬರುವ ಊರುಗಳ ಹೆಸರು ಯಾವುವು. ಅಂದರೆ ರೈಸ್ ಕಲ್ಲಿಗೆ ಕೇಳಿದ ಪ್ರಶ್ನೆಗಳನ್ನು ಮನುಷ್ಯರಿಗೆ ಕೇಳುವುದು. ಅಂಕ ಎರಡಕ್ಕೂ ಒಂದೇ. ನನ್ನ ಅಭಿಪ್ರಾಯದಲ್ಲಿ ಇಡೀ ಬೋಧನಾಭ್ಯಾಸದಲ್ಲಿ ಬಂದ ಅತ್ಯುತ್ತಮ ಹಾಳೆ ಈ ಎರಡನೇ ಬಗೆಯದು. ಅಜ್ಜಿಯ ಹಾಡಿನ ಊರುಗಳನ್ನು ಆ ಹುಡುಗಿ ನಕಾಶೆಯಲ್ಲಿ ಚುಕ್ಕೆ ಹಾಕಿ ಜೋಡಿಸಿದ್ದಳು.

ಹೆಣ್ಣುಮಕ್ಕಳು ಹೆಚ್ಚು ಮಾತಾಡಿದ್ದು ಜಕ್ಕಿಯಬ್ಬೆಯ ಚೀಟಿ ಬಂದಾಗ. ಹತ್ತನೇ ಶತಮಾನದ ಆರಂಭದಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಅಧಿಕಾರ ಅವಳಿಗೆ ಬಂತು. ನಾಡನ್ನು ಚೆನ್ನಾಗಿ ನೋಡಿಕೊಂಡಳು, ಕಾಯಿಲೆ ಬಿದ್ದಾಗ ಮಗಳಿಗೆ ಜವಾಬ್ದಾರಿ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಇಂದಿನ ಪಂಚಾಯಿತಿ ಅಧ್ಯಕ್ಷೆಗೆ ಹೋಲಿಸಲು ಹೋದ ಮಕ್ಕಳನ್ನು ನಾನು ತಡೆಯಲಿಲ್ಲ. ಚುನಾವಣೆ ಇತ್ತೇ ಎಂಬ ಪ್ರಶ್ನೆ ಅವರಿಂದಲೇ ಬಂದು ಹೋಲಿಕೆ ತಾನೇ ಸಡಿಲವಾಯಿತು. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವೂ ಹಾಗೆಯೇ ಹಿಡಿಸಿತು. ವೇದ, ವ್ಯಾಕರಣ, ತರ್ಕ ಕಲಿಸುವ ಜಾಗ, ಬಡವರಿಗೆ ಊಟ, ರೋಗಿಗಳಿಗೆ ಔಷಧ ಎಲ್ಲ ಒಂದೇ ಕಡೆ. ತಮ್ಮ ಶಾಲೆಯಲ್ಲೂ ಬಿಸಿಯೂಟವಿದೆ, ಮಾತ್ರೆ ಕೊಡುತ್ತಾರೆ ಎಂದು ಒಬ್ಬ ಹೇಳಿದ. ಅಲ್ಲಿ ಯಾರಿಗೆ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ ಎಂದು ನಾನು ಕೇಳಬೇಕಾಯಿತು. ಶಾಸನ ಹೊಗಳುವಾಗ ಹೊಗಳಿಸಿದವರು ಯಾರೆಂದು ನೋಡುವ ಅಭ್ಯಾಸವೂ ಇದೇ ವಯಸ್ಸಿನಲ್ಲಿ ಬರಬೇಕು.

ರೈಸ್ ಅವರ ಬಗ್ಗೆಯೂ ಅದೇ ಪ್ರಶ್ನೆ. ಹನ್ನೆರಡು ಸಂಪುಟಗಳ ಮುಖಪುಟದಲ್ಲಿ ಒಂದೇ ಹೆಸರು. ಸಾವಿರಾರು ಕಲ್ಲುಗಳನ್ನು ತೊಳೆದವರು, ಪಡಿಯಚ್ಚು ತೆಗೆದವರು, ಹಳಗನ್ನಡದ ಸಂಧಿ ಬಿಡಿಸಿದ ಪಂಡಿತರು, ಅಮಲ್ದಾರರ ಕಚೇರಿಯಿಂದ ಕಲ್ಲಿನ ಸುದ್ದಿ ಕಳುಹಿಸಿದ ಶಾನುಭೋಗರು, ದಾರಿ ತೋರಿಸಿದ ತಳವಾರ ಇವರಿಲ್ಲದೆ ಆ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ ಅವರು ಕರ್ನಾಟಕ ಕವಿಚರಿತೆ ಬರೆದು ತಾವೇ ಹೆಸರಾದರು, 1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದರು. ಉಳಿದವರನ್ನು ಮಕ್ಕಳು ಹೆಸರಿಸಲಾರರು, ನಾನೂ ಹೆಸರಿಸಲಾರೆ. ತಾಳಗುಂದದ ಕಂಬದಲ್ಲಿ ಕವಿ ಕುಬ್ಜ ತಾನೇ ಬರೆದು ಕಲ್ಲಿಗೂ ಇಳಿಸಿದೆನೆಂದು ಹೆಸರು ಹಾಕಿಕೊಂಡಿದ್ದಾನೆ. ಆ ಅನುಕೂಲ ಪಡಿಯಚ್ಚಿನವರಿಗೆ ಇರಲಿಲ್ಲ. ಬಿಳಿಯ ಅಧಿಕಾರಿಯೊಬ್ಬರನ್ನು ಪಾಠಕ್ಕೆ ಏಕೆ ಆರಿಸಿದೆ ಎಂದು ನನ್ನನ್ನು ಕೇಳಿದ ಸಹಪಾಠಿಗಳಿಗೆ ನಾನು ಹೇಳಿದ್ದು, ಈ ಪ್ರಶ್ನೆಯನ್ನೂ ಮಕ್ಕಳಿಂದ ಕೇಳಿಸಲು ಇಂಥ ಜೀವನವೇ ಬೇಕು ಎಂದು. ಅವರು ಎಲ್ಲದರಲ್ಲೂ ಸರಿಯಾಗಿಯೇ ಇದ್ದರೆಂದೂ ಅಲ್ಲ. ಗಂಗರ ಹಳೆಯ ತಾಮ್ರಪಟಗಳನ್ನು ಅವರು ನಂಬಿದರು. ಫ್ಲೀಟ್ ಎಂಬ ಇನ್ನೊಬ್ಬ ವಿದ್ವಾಂಸ ಅವು ಆಮೇಲೆ ಹುಟ್ಟಿಸಿದ ಖೊಟ್ಟಿ ಪಟಗಳೆಂದು ವರ್ಷಗಟ್ಟಲೆ ವಾದಿಸಿದರು.

ಕಲ್ಲಿನ ಜೊತೆಗೆ ಓಲೆಗರಿಯನ್ನೂ ಅವರು ಬಿಡಲಿಲ್ಲ. ನಾಗವರ್ಮನ ಕರ್ನಾಟಕ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪಭಾರತ ಇವನ್ನು ಹಸ್ತಪ್ರತಿಗಳಿಂದ ಅಚ್ಚಿಗೆ ತಂದರು. ಪಂಪಭಾರತ ಅಚ್ಚಾದದ್ದು 1898ರಲ್ಲಿ. ಬನವಾಸಿ ಸೀಮೆಯನ್ನು ಮರೆಯಲಾರದ ಆ ಕವಿಯನ್ನು ಸೊರಬದ ಮಕ್ಕಳಿಗೆ ಹೇಳುವಾಗ, ಬನವಾಸಿ ಅವರ ಊರಿನಿಂದ ಎಷ್ಟು ಹತ್ತಿರವೆಂದು ಅವರೇ ನನಗೆ ಹೇಳಿಕೊಟ್ಟರು. ಮಧುಕೇಶ್ವರನ ತೇರಿಗೆ ಹೋಗಿ ಬಂದವರೇ ಅರ್ಧ ತರಗತಿ.

ನಿವೃತ್ತಿಯ ನಂತರ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. ಅಲ್ಲಿಂದಲೇ, ಶಾಸನಗಳಿಂದ ತಿಳಿಯುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಒಂದು ಪುಸ್ತಕವಾಗಿ ಜೋಡಿಸಿ 1909ರಲ್ಲಿ ಹೊರತಂದರು. 1927ರ ಜುಲೈ 10ರಂದು ತೀರಿಕೊಂಡರು. ಎಷ್ಟು ವರ್ಷ ಬದುಕಿದ್ದರು ಎಂದು ಕೇಳಿದಾಗ ತೊಂಬತ್ತು ಎಂದವರು ಹಲವರು. ಹುಟ್ಟುಹಬ್ಬಕ್ಕೆ ಏಳು ದಿನ ಕಡಿಮೆ ಎಂದು ತಿದ್ದಿದವಳು ಕಂಬದ ಪ್ರಶ್ನೆ ಕೇಳಿದ ಹುಡುಗಿಯೇ.

ಸಂಪುಟ ಮುಗಿಯಿತೆಂದು ಕಲ್ಲು ಮುಗಿಯಲಿಲ್ಲ. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು ರೈಸ್ ತೀರಿಕೊಂಡ ಮೇಲೆ, ಎಂ. ಎಚ್. ಕೃಷ್ಣ ಅವರಿಂದ. ತಾಳಗುಂದದಲ್ಲೇ, ರೈಸ್ ನಿಂತು ಓದಿದ ಆ ದೇವಸ್ಥಾನದ ಆವರಣದಲ್ಲಿ, 2013ರಲ್ಲಿ ಭಾರತೀಯ ಪುರಾತತ್ವ ಇಲಾಖೆಯವರ ಉತ್ಖನನದಿಂದ ಸಿಂಹಕಟಾಂಜನದ ಮೇಲಿನ ಬರಹ ಹೊರಬಂತು. ಅದು ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಎಂದು ಇಲಾಖೆ ಹೇಳಿದೆ; ಕಾಲದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಮಕ್ಕಳು ಇದನ್ನು ಪತ್ತೇದಾರಿ ಕಥೆಯ ಎರಡನೇ ಭಾಗದಂತೆ ಕೇಳಿದರು.

ಎರಡೂ ಶಾಲೆಗಳ ಹಾಳೆಗಳನ್ನು ಊರಿನ ಪ್ರಕಾರ ಜೋಡಿಸಿ, ದಾರ ಪೋಣಿಸಿ, ಶಾಲೆಯ ಓದುವ ಮೂಲೆಯಲ್ಲಿ ಇಟ್ಟು ಬಂದಿದ್ದೇನೆ. ಒಂದೊಂದು ನೆರಳಚ್ಚು ನಮ್ಮ ಕಾಲೇಜಿನ ಸಮಾಜ ವಿಜ್ಞಾನ ಕೊಠಡಿಯಲ್ಲಿದೆ. ಚೀಟಿಗಳ ಡಬ್ಬಿಯೂ ಅಲ್ಲಿಯೇ. ಮುಂದಿನ ಸಾಲಿನಲ್ಲಿ ಈ ಕಡೆಗೆ ಬರುವವರು ಆನವಟ್ಟಿ, ಜಡೆ, ಕುಪ್ಪಗಡ್ಡೆ ಹೋಬಳಿಗಳ ಚೀಟಿಗಳನ್ನು ಇನ್ನೂ ಬರೆಯಬೇಕಿದೆ. ಎಂಟನೇ ಸಂಪುಟವನ್ನು ಗ್ರಂಥಾಲಯದಿಂದ ಹೊರಗೆ ಕೊಡುವುದಿಲ್ಲ, ಬೆಳಿಗ್ಗೆ ಹೋಗಿ ಅಲ್ಲೇ ಕುಳಿತು ಬರೆದುಕೊಳ್ಳಬೇಕು. ಕೊಟ್ಟಿಗೆಯ ಮೆಟ್ಟಿಲಾಗಿದ್ದ ವೀರಗಲ್ಲನ್ನು ಮಳೆಗಾಲ ಕಳೆದ ಮೇಲೆ ಎತ್ತಿ ನಿಲ್ಲಿಸೋಣವೆಂದು ಆ ಮನೆಯ ಯಜಮಾನರು ಹೇಳಿದ್ದಾರೆ. ಅಷ್ಟರೊಳಗೆ ಮೆಟ್ಟಿಲಿಗೆ ಬೇರೆ ಚಪ್ಪಡಿ ಸಿಗಬೇಕು.